ತೆರಿಗೆ ಕಟ್ಟುತ್ತೇವೆ, ಎಷ್ಟು ಅಂತ ಹೇಳಿ: ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ.

ನೀವು 2016ರಿಂದ ರಾಜ್ಯಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುತ್ತಿದ್ದೀರಿ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ದಾವಣಗೆರೆಯಲ್ಲಿ ಟ್ಯಾಕ್ಸ್ ಪ್ರಾಕ್ಟೀಷನರ್. ಮಂಡಿ ವ್ಯಾಪಾರಿಗಳು, ಮೇಷ್ಟ್ರುಗಳು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗರು, ಇವರೆಲ್ಲರ ರಿಟರ್ನ್ ಫೈಲ್ ಮಾಡಿ ಕೊಡುವುದು ನನ್ನ ಹೊಟ್ಟೆಪಾಡು. ಕೆಲವು ವರ್ಷಗಳಿಂದ ಇವರಲ್ಲಿ ಎಷ್ಟೋ ಜನ ಕ್ರಿಪ್ಟೋ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್) ಸ್ಟೇಟ್‌ಮೆಂಟ್ ಹಿಡಿದು ಬರುತ್ತಿದ್ದಾರೆ. ಕೇಳುವುದು ಒಂದೇ: "ಸರ್, ಇದಕ್ಕೆ ಎಷ್ಟು ಕಟ್ಟಬೇಕು?" ಇದಕ್ಕೆ ಒಂದು ಖಚಿತವಾದ ಉತ್ತರ ಕೊಡಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ. ತೆರಿಗೆ ಕಡಿಮೆ ಮಾಡಿ ಅಂತ ಬೇಡಲು ನಾನು ಕೂತಿಲ್ಲ. ಆ ಕೆಲಸವನ್ನು ಕಾಯಿನ್ ಕೊಂಡು ಮಾರುವ ಆಪ್ ನಡೆಸುವ ಎಕ್ಸ್‌ಚೇಂಜ್ ಕಂಪನಿಗಳು ಪ್ರತಿ ಬಜೆಟ್‌ಗೂ ಮುಂಚೆ ಮಾಡುತ್ತಲೇ ಇವೆ. ಕ್ರಿಪ್ಟೋ ಒಳ್ಳೆಯದು ಅಂತ ವಾದ ಮಾಡುವವನೂ ನಾನಲ್ಲ. ನನ್ನ ಮಗ ಕೇಳಿದ್ದರೆ ಆ ದುಡ್ಡನ್ನು ಆರ್‌ಡಿಯಲ್ಲಿ ಹಾಕು ಅಂತಲೇ ಹೇಳುತ್ತಿದ್ದೆ.

2022ರ ಬಜೆಟ್‌ನಲ್ಲಿ ನೀವು ತಂದ ನಿಯಮ ಕಠಿಣ. ಆದರೆ ಅದರ ಒಂದು ಭಾಗ ಸ್ಪಷ್ಟವಾಗಿದೆ ಅನ್ನುವುದನ್ನು ಒಪ್ಪಬೇಕು. ಲಾಭದ ಮೇಲೆ ನೇರ ಶೇ. 30, ಅದರ ಮೇಲೆ ಸೆಸ್, ಒಟ್ಟು ಶೇ. 31.2. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಬಿಟ್‌ಕಾಯಿನ್‌ನಲ್ಲಿ 1 ಲಕ್ಷ ಲಾಭ, ಈಥರ್‌ನಲ್ಲಿ 1 ಲಕ್ಷ ನಷ್ಟ ಆದವನ ಕೈಯಲ್ಲಿ ಉಳಿಯುವುದು ಸೊನ್ನೆ. ಆದರೂ ಅವನು 31,200 ರೂಪಾಯಿ ಕಟ್ಟಬೇಕು. ಬೇರೆ ಆದಾಯವೇ ಇಲ್ಲದ ಕಾಲೇಜು ಹುಡುಗನಿಗೆ ಎಫ್‌ಡಿ ಬಡ್ಡಿ 40,000 ಬಂದರೆ ತೆರಿಗೆ ಇಲ್ಲ. ಅದೇ 40,000 ಕಾಯಿನ್ ಮಾರಿದ ಲಾಭವಾಗಿ ಬಂದರೆ 12,480 ರೂಪಾಯಿ. ಷೇರಿನ ಫ್ಯೂಚರ್ಸ್‌ನಲ್ಲಿ ದುಡ್ಡು ಕಳೆದುಕೊಂಡವನು ಆ ನಷ್ಟವನ್ನು ಎಂಟು ವರ್ಷ ಇಟ್ಟುಕೊಳ್ಳಬಹುದು. ಇವನಿಗೆ ಎಂಟು ದಿನವೂ ಇಲ್ಲ. ಕಹಿ ನಿಜ. ಆದರೆ ನನ್ನ ಮುಂದೆ ಕೂತವನಿಗೆ ನಾನು ಧೈರ್ಯವಾಗಿ ಹೇಳಬಹುದು: ಕಾನೂನು ಹೀಗಿದೆ ಕಣಪ್ಪ, ಕಟ್ಟು. ಅವನು ಬೈದುಕೊಂಡು ಕಟ್ಟುತ್ತಾನೆ.

ಕಷ್ಟ ಶುರುವಾಗುವುದು ಕಾನೂನು ಬಾಯಿ ಬಿಡದ ಕಡೆ.

ಒಂದು ಲೆಕ್ಕ ನಿಮ್ಮ ಮುಂದಿಡುತ್ತೇನೆ. ಒಬ್ಬ ಹುಡುಗ ಒಂದೇ ತರಹದ ಎರಡು ಕಾಯಿನ್ ಕೊಂಡ. ಮೊದಲನೆಯದಕ್ಕೆ 40,000 ಕೊಟ್ಟ. ಆರು ತಿಂಗಳ ಮೇಲೆ ಎರಡನೆಯದಕ್ಕೆ 1 ಲಕ್ಷ ಕೊಟ್ಟ. ಆಮೇಲೆ ಒಂದನ್ನು 90,000ಕ್ಕೆ ಮಾರಿದ. ಮಾರಿದ್ದು ಯಾವುದು? ಮೊದಲು ಕೊಂಡದ್ದೇ ಮೊದಲು ಹೋಯಿತು ಅಂದರೆ 50,000 ಲಾಭ, ತೆರಿಗೆ 15,600. ಸರಾಸರಿ ಬೆಲೆ ಹಿಡಿದರೆ 20,000 ಲಾಭ, ತೆರಿಗೆ 6,240. ಎರಡನೆಯದನ್ನೇ ಮಾರಿದೆ ಅಂದರೆ 10,000 ನಷ್ಟ, ತೆರಿಗೆ ಸೊನ್ನೆ. ಅದೇ ಹುಡುಗ, ಅದೇ ವ್ಯವಹಾರ, ಮೂರು ಉತ್ತರ. ಡಿಮ್ಯಾಟ್ ಖಾತೆಯ ಷೇರುಗಳಿಗೆ ಮೊದಲು ಬಂದದ್ದು ಮೊದಲು ಹೋಯಿತು ಅನ್ನುವ ಲೆಕ್ಕ ಕಾಯ್ದೆಯಲ್ಲೇ ಬರೆದಿದೆ. ಕಾಯಿನ್‌ಗಳಿಗೆ ಅಂತ ಯಾರೂ ಒಂದು ಸಾಲು ಬರೆದಿಲ್ಲ.

ಎರಡು ಕಾಯಿನ್ ಇರುವವನ ಕಥೆ ಇದು. ನನ್ನ ಹತ್ತಿರ ಬರುವವರಲ್ಲಿ ಕೆಲವರು ವರ್ಷಕ್ಕೆ ನೂರಾರು ಸಲ ಕೊಂಡು ಮಾರಿದವರು. ಅಪ್ಪನ ಅಂಗಡಿಯಲ್ಲಿ ಕೂತು ಮಧ್ಯಾಹ್ನ ಗಿರಾಕಿ ಇಲ್ಲದಾಗ ಫೋನ್‌ನಲ್ಲಿ ಆಡಿದ್ದು. ಆಪ್ ಒಂದು ಲೆಕ್ಕ ಕೊಡುತ್ತದೆ. ಕ್ರಿಪ್ಟೋ ಲೆಕ್ಕಕ್ಕೆ ಅಂತಲೇ ಇರುವ ಸಾಫ್ಟ್‌ವೇರ್ ಇನ್ನೊಂದು ಲೆಕ್ಕ ಕೊಡುತ್ತದೆ. ನಾನು ಎಕ್ಸೆಲ್‌ನಲ್ಲಿ ಮಾಡಿದರೆ ಮೂರನೆಯದು ಬರುತ್ತದೆ. ಐಟಿಆರ್-2 ರಿಟರ್ನ್ ಫಾರಂನಲ್ಲಿ ವಿಡಿಎಗೆ (ವರ್ಚುವಲ್ ಡಿಜಿಟಲ್ ಆಸ್ತಿ, ಕ್ರಿಪ್ಟೋಗೆ ಕಾಯ್ದೆ ಇಟ್ಟ ಹೆಸರು) ಅಂತ ಇರುವ ಶೆಡ್ಯೂಲ್‌ನಲ್ಲಿ ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ ಎಲ್ಲ ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಆದರೆ ಯಾವ ಕಾಯಿನ್‌ಗೆ ಯಾವ ಕೊಂಡ ದಿನ ಹಾಕಬೇಕು ಅಂತ ಹೇಳದೆ ದಿನ ಕೇಳಿದರೆ ಏನು ತುಂಬಿಸಲಿ? ನಾನು ಷೇರಿನ ಲೆಕ್ಕವನ್ನೇ ಹಿಡಿಯುತ್ತೇನೆ, ಅದರಲ್ಲಿ ಗಲಾಟೆ ಕಡಿಮೆ ಇರಬಹುದು ಅನ್ನುವ ಆಸೆಯಿಂದ. ಪಕ್ಕದ ಬೀದಿಯ ಸಿಎ ಸರಾಸರಿ ಹಿಡಿಯುತ್ತಾರೆ. ಇಬ್ಬರಲ್ಲಿ ಯಾರ ಗಿರಾಕಿಗೆ ನೋಟಿಸ್ ಬರುತ್ತದೋ ನೋಡಬೇಕು.

ಇನ್ನು ಕೊಂಡ ಬೆಲೆ ಅಂದರೆ ಏನು ಅನ್ನುವುದು. ಕೊಂಡ ಬೆಲೆ ಒಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯಬೇಡಿ ಅಂತ ಆದಾಯ ತೆರಿಗೆ ಕಾಯ್ದೆಯ ಕ್ರಿಪ್ಟೋ ಸೆಕ್ಷನ್ 115ಬಿಬಿಎಚ್ ಹೇಳಿತು. ಮೈನಿಂಗ್‌ಗೆ ಹಾಕಿದ ಯಂತ್ರದ ಖರ್ಚು ಕೊಂಡ ಬೆಲೆಯಲ್ಲಿ ಸೇರುವುದಿಲ್ಲ ಅಂತ 2022ರ ಮಾರ್ಚ್‌ನಲ್ಲಿ ನಿಮ್ಮ ಇಲಾಖೆಯೇ ಲೋಕಸಭೆಯಲ್ಲಿ ಉತ್ತರ ಕೊಟ್ಟಿತು. ಸರಿ. ಕೊಳ್ಳುವಾಗ ಎಕ್ಸ್‌ಚೇಂಜ್ ಹಿಡಿಯುವ ಫೀಸು? ಅದರ ಮೇಲಿನ ಶೇ. 18 ಜಿಎಸ್‌ಟಿ? ವಾಲೆಟ್‌ನಿಂದ (ಕಾಯಿನ್ ಇಟ್ಟುಕೊಳ್ಳುವ ಡಿಜಿಟಲ್ ಪರ್ಸ್) ಕೊಂಡಾಗ ಕಾಯಿನ್‌ನ ನೆಟ್‌ವರ್ಕ್‌ಗೆ ಕಟ್ಟುವ ಗ್ಯಾಸ್ ಫೀ? ಇವು ಕೊಂಡ ಬೆಲೆಯೊಳಗೋ ಹೊರಗೋ? ದಾವಣಗೆರೆಯಲ್ಲಿ ಇಬ್ಬರು ಸಿಎಗಳನ್ನು ಕೇಳಿದರೆ ಎರಡು ಉತ್ತರ.

ಸ್ಟೇಕಿಂಗ್ ಅಂತ ಒಂದಿದೆ. ಕಾಯಿನ್‌ಗಳನ್ನು ಕಟ್ಟಿಹಾಕಿ ಇಟ್ಟರೆ ಪ್ರತಿಫಲವಾಗಿ ಹೊಸ ಕಾಯಿನ್ ಬರುತ್ತವೆ. ಬಂದ ದಿನವೇ ಅದು ಆದಾಯವೋ, ಮಾರಿದ ದಿನವೋ? ಬಂದ ದಿನ 20,000 ಬೆಲೆ ಇತ್ತು, ಮಾರುವ ಹೊತ್ತಿಗೆ 2,000ಕ್ಕೆ ಇಳಿಯಿತು ಅಂದರೆ ಕೈಗೇ ಬಾರದ 20,000ಕ್ಕೆ ಸ್ಲ್ಯಾಬ್ ಪ್ರಕಾರ ಕಟ್ಟಬೇಕೋ? ಅಥವಾ ಕೊಂಡ ಬೆಲೆ ಸೊನ್ನೆ ಅಂತ ಹಿಡಿದು 2,000ಕ್ಕೆ ಶೇ. 30 ಕಟ್ಟಬೇಕೋ? ಎರಡೂ ಕಟ್ಟಬೇಕೋ? ಅಮೆರಿಕದ ತೆರಿಗೆ ಇಲಾಖೆ 2014ರಲ್ಲೇ ಕ್ರಿಪ್ಟೋ ಆಸ್ತಿ ಅಂತ ಸೂಚನೆ ಹೊರಡಿಸಿತು. ಸ್ಟೇಕಿಂಗ್ ಬಗ್ಗೆ 2023ರಲ್ಲಿ ಪ್ರತ್ಯೇಕ ತೀರ್ಮಾನವನ್ನೂ ಪ್ರಕಟಿಸಿತು: ಕಾಯಿನ್ ನಿಮ್ಮ ಹಿಡಿತಕ್ಕೆ ಬಂದ ದಿನದ ಬೆಲೆಯೇ ಆದಾಯ. ಬ್ರಿಟನ್‌ನ ತೆರಿಗೆ ಇಲಾಖೆ ಕ್ರಿಪ್ಟೋಗೆ ಅಂತಲೇ ಒಂದು ಕೈಪಿಡಿ ಇಟ್ಟಿದೆ. ಒಂದೇ ತರಹದ ಕಾಯಿನ್‌ಗಳನ್ನು ಒಟ್ಟು ಸೇರಿಸಿ ಸರಾಸರಿ ಹೇಗೆ ತೆಗೆಯಬೇಕು, ಮೂವತ್ತು ದಿನದೊಳಗೆ ಮತ್ತೆ ಕೊಂಡರೆ ಏನು, ಎಲ್ಲ ಉದಾಹರಣೆ ಸಮೇತ ಅದರಲ್ಲಿದೆ. ಅವರ ತೀರ್ಮಾನ ಸರಿಯೋ ತಪ್ಪೋ ಬೇರೆ ಮಾತು. ಅಲ್ಲಿಯ ಲೆಕ್ಕಿಗನಿಗೆ ತೆರೆದು ನೋಡಲು ಒಂದು ಪುಟ ಇದೆ. ನನಗಿಲ್ಲ.

ಒಂದು ನೆಟ್‌ವರ್ಕ್‌ನ ಕಾಯಿನ್ ಅನ್ನು ಇನ್ನೊಂದು ನೆಟ್‌ವರ್ಕ್‌ನಲ್ಲಿ ಬಳಸಲು ರೂಪ ಬದಲಿಸಿದರೆ ಅದು ಮಾರಾಟವೋ ಅಲ್ಲವೋ ಅಂತಲೂ ಕೇಳಬಹುದಿತ್ತು. ಅಷ್ಟು ದೂರ ಈಗ ಹೋಗುವುದಿಲ್ಲ.

ಕಳವಿನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಜಾಸ್ತಿ ಜನ ಅತ್ತಿರುವುದು ಇಲ್ಲೇ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್‌ಗಳು ಕಳುವಾದವು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ. ಲಕ್ಷಾಂತರ ಜನರ ಖಾತೆ ನಿಂತುಹೋಯಿತು. ಪ್ರಕರಣ ಸಿಂಗಪುರದ ಕೋರ್ಟಿಗೆ ಹೋಗಿ, ಒಂದು ಯೋಜನೆ ಒಪ್ಪಿಗೆಯಾಗಿ, 2025ರ ಅಕ್ಟೋಬರ್‌ನಲ್ಲಿ ವ್ಯವಹಾರ ಮತ್ತೆ ಶುರುವಾಯಿತು. ಜನರಿಗೆ ಕಾಯಿನ್‌ಗಳ ಒಂದು ಪಾಲು ಹಿಂದಿರುಗಿತು. ಉಳಿದದ್ದಕ್ಕೆ ಮುಂದೆ ದುಡ್ಡು ಬಂದರೆ ಕೊಡುತ್ತೇವೆ ಅನ್ನುವ ರಿಕವರಿ ಟೋಕನ್ ಸಿಕ್ಕಿತು.

ಈಗ ಇದನ್ನು ರಿಟರ್ನ್‌ನಲ್ಲಿ ಹೇಗೆ ಬರೆಯಲಿ? ಕಳುವಾದ ಕಾಯಿನ್ ಅನ್ನು ವರ್ಗಾವಣೆ ಅನ್ನಬೇಕೋ ಬೇಡವೋ? ಹಿಂದೆ ಬಂದ ಪಾಲಿಗೆ ಮೊದಲು ಕೊಂಡ ಪೂರ್ತಿ ಬೆಲೆ ಹಿಡಿಯಬಹುದೋ, ಪಾಲಿನಷ್ಟೇ ಹಿಡಿಯಬೇಕೋ? ಆ ರಿಕವರಿ ಟೋಕನ್ ತಾನೇ ಒಂದು ವಿಡಿಎಯೋ? ಅದರ ಕೊಂಡ ಬೆಲೆ ಎಷ್ಟು? ನಾಳೆ ಅದಕ್ಕೆ 5,000 ರೂಪಾಯಿ ಬಂದರೆ, ತನ್ನದೇ ದುಡ್ಡಿನ ಚೂರು ವಾಪಸ್ ಬಂದದ್ದಕ್ಕೆ ಶೇ. 30 ಕಟ್ಟಬೇಕೋ? ನಮ್ಮ ಮಂಡಿಯಲ್ಲಿ ಗುಮಾಸ್ತ ಗಲ್ಲಾಪೆಟ್ಟಿಗೆಯ ದುಡ್ಡು ಎತ್ತಿಕೊಂಡು ಓಡಿಹೋದರೆ, ಅದು ವ್ಯಾಪಾರದ ನಷ್ಟ ಅಂತ ತೋರಿಸಲು ದಾರಿ ಇದೆ. ನಂಬಿದವನು ದುಡ್ಡು ನುಂಗಿದ ನಷ್ಟಕ್ಕೆ ಸುಪ್ರೀಂ ಕೋರ್ಟ್ 1958ರಲ್ಲೇ ಆ ದಾರಿ ತೆರೆದಿದೆ. ಕಾಯಿನ್ ಕಳೆದುಕೊಂಡವನಿಗೆ ಆ ದಾರಿ ಇದೆಯೋ ಇಲ್ಲವೋ ಹೇಳಿ. ಇಲ್ಲ ಅಂದರೂ ಸರಿ, ಇಲ್ಲ ಅಂತ ಬರೆದು ಕೊಡಿ. ಮೂರೂವರೆ ಲಕ್ಷ ಹಾಕಿದ್ದ ಮೇಷ್ಟ್ರೊಬ್ಬರು ನನ್ನ ಮೇಜಿನ ಮುಂದೆ ಕೂತು ಇದನ್ನೇ ಕೇಳಿದರು. ಅವರಿಗೆ ಸಿಟ್ಟು ಬಂದದ್ದು ತೆರಿಗೆಯ ಮೇಲಲ್ಲ, ನನ್ನ "ಗೊತ್ತಿಲ್ಲ ಸರ್" ಮೇಲೆ.

ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ಇನ್ನೊಂದು ಭಯ. ವಿದೇಶಿ ಎಕ್ಸ್‌ಚೇಂಜ್‌ನಲ್ಲಿ ಇಟ್ಟ ಕಾಯಿನ್ ಅಲ್ಲಿ ಬರೆಯಬೇಕು, ಆಯಿತು. ಮನೆಯ ಬೀರುವಿನಲ್ಲಿರುವ, ಪೆನ್‌ಡ್ರೈವ್‌ನಂಥ ಹಾರ್ಡ್‌ವೇರ್ ವಾಲೆಟ್‌ನ ಕಾಯಿನ್ ಯಾವ ದೇಶದ ಆಸ್ತಿ? ತೋರಿಸದೆ ಹೋದರೆ, ಅಂಥ ಆಸ್ತಿ ಒಟ್ಟು 20 ಲಕ್ಷ ದಾಟಿದ್ದರೆ, ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡ ಹಾಕಬಹುದು. ಇಷ್ಟು ದೊಡ್ಡ ದಂಡ ಇರುವ ಕಡೆ ಊಹೆಯ ಮೇಲೆ ಕಾಲಂ ತುಂಬಿಸುತ್ತಿದ್ದೇವೆ.

ಕ್ರಿಪ್ಟೋ ಫ್ಯೂಚರ್ಸ್ ಕಥೆ ಕೇಳಿ. ಇದರಲ್ಲಿ ಕಾಯಿನ್ ಕೈಗೇ ಬರುವುದಿಲ್ಲ, ಬೆಲೆಯ ಮೇಲೆ ಬಾಜಿ ಕಟ್ಟುವುದಷ್ಟೇ. ಹಾಗಾಗಿ ಇದು ವಿಡಿಎ ಅಲ್ಲ, 115ಬಿಬಿಎಚ್ ಅನ್ವಯಿಸುವುದಿಲ್ಲ, ಮಾರುವಾಗಲೇ ಹಿಡಿದುಕೊಳ್ಳುವ ಶೇ. 1 ತೆರಿಗೆ, ಅಂದರೆ ಟಿಡಿಎಸ್ಸೂ ಇಲ್ಲ, ನಷ್ಟವನ್ನು ವ್ಯಾಪಾರದ ನಷ್ಟ ಅಂತ ತೋರಿಸಬಹುದು ಅಂತ ಕಂಪನಿಗಳು ಹೇಳಿಕೊಂಡು ಬರುತ್ತಿವೆ. ಕೇಂದ್ರ ನೇರ ತೆರಿಗೆ ಮಂಡಳಿ ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ಪರಿಣಾಮ ಏನಾಯಿತು ನೋಡಿ. ಸುಮ್ನೆ ಒಂದಿಷ್ಟು ಕಾಯಿನ್ ಕೊಂಡು ಇಟ್ಟುಕೊಳ್ಳುತ್ತಿದ್ದ ಹುಡುಗರು ತೆರಿಗೆ ತಪ್ಪಿಸಲು ಸಾಲದ ಬಲದ ಮೇಲೆ ಆಡುವ ಫ್ಯೂಚರ್ಸ್‌ಗೆ ಹೋದರು. ಕಡಿಮೆ ಅಪಾಯದ ಆಟಕ್ಕೆ ಜಾಸ್ತಿ ತೆರಿಗೆ, ಜಾಸ್ತಿ ಅಪಾಯದ್ದಕ್ಕೆ ಕಡಿಮೆ. ಜನರನ್ನು ಈ ಹುಚ್ಚಿನಿಂದ ದೂರ ಇಡುವುದು ಸರ್ಕಾರದ ಉದ್ದೇಶವಾಗಿದ್ದರೆ ಅದು ತಿರುಗುಬಾಣ ಆಗಿದೆ.

ನಿಮ್ಮ ಇಲಾಖೆಗೆ ಬರೆಯಲು ಬರುವುದಿಲ್ಲ ಅಂತ ನಾನು ನಂಬುವುದಿಲ್ಲ. 2022ರ ಜುಲೈ 1ರಿಂದ ಟಿಡಿಎಸ್ ಹಿಡಿಯಬೇಕಿತ್ತು. ಅದಕ್ಕೆ ಜೂನ್ 22ಕ್ಕೆ ಒಂದು ಸುತ್ತೋಲೆ, ಜೂನ್ 28ಕ್ಕೆ ಇನ್ನೊಂದು ಬಂತು. ಎಕ್ಸ್‌ಚೇಂಜ್ ಮೂಲಕ ಮಾರಿದರೆ ಯಾರು ಹಿಡಿಯಬೇಕು, ಕಾಯಿನ್‌ಗೆ ಕಾಯಿನ್ ಬದಲಾಯಿಸಿದರೆ ಏನು, ಎಲ್ಲ ಪ್ರಶ್ನೋತ್ತರದ ರೂಪದಲ್ಲಿ ಚೆನ್ನಾಗಿಯೇ ಇತ್ತು. ಗಿಫ್ಟ್ ಕಾರ್ಡ್, ವಿಮಾನದ ಮೈಲೇಜ್ ಪಾಯಿಂಟ್ ವಿಡಿಎ ಅಲ್ಲ ಅಂತ ಜೂನ್ 30ಕ್ಕೆ ಅಧಿಸೂಚನೆಯೂ ಬಂತು. ಅಂದರೆ ದುಡ್ಡು ಹಿಡಿದುಕೊಳ್ಳುವ ಪ್ರಶ್ನೆಗೆ ಹತ್ತು ದಿನದೊಳಗೆ ಉತ್ತರ. ಹಿಡಿದ ದುಡ್ಡಿನಲ್ಲಿ ನಿಜವಾದ ತೆರಿಗೆ ಎಷ್ಟು ಅನ್ನುವ ಪ್ರಶ್ನೆಗೆ ವರ್ಷಗಳಾದರೂ ಇಲ್ಲ. ಆ ಟಿಡಿಎಸ್ ಕೂಡ ಲಾಭದ ಮೇಲಲ್ಲ, ಮಾರಿದ ಮೊತ್ತದ ಮೇಲೆ. 1 ಲಕ್ಷ ಇಟ್ಟುಕೊಂಡು ಬೆಲೆ ಏರದೆ ಇಳಿಯದೆ 50 ಸಲ ಬದಲಾಯಿಸಿದರೆ ಕೊನೆಗೆ ಕೈಯಲ್ಲಿ ಸುಮಾರು 60,500 ಉಳಿಯುತ್ತದೆ. ಮಿಕ್ಕದ್ದು ಇಲಾಖೆಯ ಹತ್ತಿರ, ರೀಫಂಡ್ ಬರುವ ತನಕ.

ನೇರವಾಗಿ ಒಬ್ಬರಿಂದ ಒಬ್ಬರು ಕೊಳ್ಳುವ ಪಿ-ಟು-ಪಿಯಲ್ಲಿ ಟಿಡಿಎಸ್ ಹಿಡಿಯುವ ಹೊಣೆ ಕೊಳ್ಳುವವನ ಮೇಲೆ. ಮಾರುವವನ ಪ್ಯಾನ್ ಕೇಳಬೇಕು, ಟಿಡಿಎಸ್ ಫಾರಂ ತುಂಬಬೇಕು. ಮುಖವೇ ನೋಡದ ಮನುಷ್ಯ ಪ್ಯಾನ್ ಕೊಡುತ್ತಾನಾ? ಕೊಡದಿದ್ದರೆ ಶೇ. 1ರ ಬದಲು ಶೇ. 20 ಹಿಡಿಯಬೇಕು. ಯಾವ ಹುಡುಗನೂ ಹಿಡಿದದ್ದು ನಾನು ನೋಡಿಲ್ಲ. ಪಿ-ಟು-ಪಿ ಮಾಡಿ ಬ್ಯಾಂಕ್ ಖಾತೆ ಫ್ರೀಜ್ ಆಗಿ ಬೇರೆ ರಾಜ್ಯದ ಸೈಬರ್ ಪೊಲೀಸರಿಗೆ ಫೋನ್ ಮಾಡಿ ಸುಸ್ತಾದವರ ಕಥೆ ಇನ್ನೊಂದು ಪತ್ರಕ್ಕೆ ಆಗುವಷ್ಟಿದೆ.

ಇದೆಲ್ಲದರ ಬುಡದಲ್ಲಿ ಇರುವುದು ಒಂದು ಹಳೆಯ ಪ್ರಶ್ನೆ. ಇದು ಕಾನೂನಿನ ಕಣ್ಣಲ್ಲಿ ಏನು? 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಇದನ್ನು ಮುಟ್ಟಬೇಡಿ ಅಂದಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಒಂದು ಕ್ರಿಪ್ಟೋ ಮಸೂದೆ ಇತ್ತು, ಮಂಡನೆ ಆಗಲಿಲ್ಲ. ತೆರಿಗೆ ಹಾಕುವುದು ನಮ್ಮ ಹಕ್ಕು, ಕಾನೂನುಬದ್ಧ ಮಾಡಬೇಕೋ ನಿಷೇಧ ಮಾಡಬೇಕೋ ಆಮೇಲೆ ನೋಡೋಣ ಅನ್ನುವ ಅರ್ಥದ ಮಾತನ್ನು 2022ರ ಫೆಬ್ರವರಿಯಲ್ಲಿ ನೀವೇ ರಾಜ್ಯಸಭೆಯಲ್ಲಿ ಆಡಿದಿರಿ. 2024ರ ಸೆಪ್ಟೆಂಬರ್ ಹೊತ್ತಿಗೆ ಚರ್ಚಾಪತ್ರ ಬರುತ್ತದೆ ಅಂತ ನಿಮ್ಮ ಸಚಿವಾಲಯದವರು ಅಂದರು. ಆ ಸೆಪ್ಟೆಂಬರ್ ಹೋಯಿತು, ಮರುವರ್ಷದ್ದೂ ಹೋಯಿತು. ಈ ನಡುವೆ ಕೋರ್ಟುಗಳು ಒಂದೊಂದಾಗಿ ಉತ್ತರ ಕೊಡುತ್ತಿವೆ. 2022ಕ್ಕಿಂತ ಮೊದಲು ಮಾರಿದ ಬಿಟ್‌ಕಾಯಿನ್ ಬಂಡವಾಳ ಆಸ್ತಿ ಅಂತ ಜೋಧಪುರದ ಆದಾಯ ತೆರಿಗೆ ನ್ಯಾಯಮಂಡಳಿ 2024ರಲ್ಲಿ ಹೇಳಿತು. ಕ್ರಿಪ್ಟೋ ಒಂದು ಸ್ವತ್ತು ಅಂತ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಕಾರ್ಯಾಂಗ ಎರಡು ಪುಟದಲ್ಲಿ ಹೇಳಬೇಕಾದ್ದನ್ನು ಒಬ್ಬೊಬ್ಬ ನಾಗರಿಕ ವಕೀಲರಿಗೆ ದುಡ್ಡು ಕೊಟ್ಟು ಹೇಳಿಸಿಕೊಳ್ಳಬೇಕಾಗಿದೆ.

ಆದರೆ ವಸೂಲಿಯ ಬಲೆ ಮಾತ್ರ ಪಕ್ಕಾ ಇದೆ. ಸಂಸತ್ತಿನಲ್ಲಿ ಕೊಟ್ಟ ಅಂಕಿಯಂತೆ 2024-25ರಲ್ಲಿ ಕ್ರಿಪ್ಟೋ ಟಿಡಿಎಸ್ ಸುಮಾರು 512 ಕೋಟಿ ರೂಪಾಯಿ. ಅದರಲ್ಲಿ ಕರ್ನಾಟಕದ್ದೇ ಸುಮಾರು 134 ಕೋಟಿ. ಕ್ರಿಪ್ಟೋ ವ್ಯವಹಾರ ತೋರಿಸದ 44,057 ಜನರಿಗೆ ಇಲಾಖೆ ಮೆಸೇಜು, ಮೇಲ್ ಕಳಿಸಿತ್ತು. 2025ರ ಬಜೆಟ್ ಪ್ರಕಾರ, ದಾಳಿಯಲ್ಲಿ ಸಿಕ್ಕ, ಮುಚ್ಚಿಟ್ಟ ಕ್ರಿಪ್ಟೋಗೆ ಶೇ. 60 ತೆರಿಗೆ. 2027ರಿಂದ ಬೇರೆ ದೇಶಗಳ ಎಕ್ಸ್‌ಚೇಂಜ್ ಮಾಹಿತಿಯೂ ಬರಲು ಶುರುವಾಗುತ್ತದೆ ಅನ್ನುತ್ತಾರೆ. ಕಳ್ಳರನ್ನು ಹಿಡಿಯಿರಿ, ಖಂಡಿತ. ಆದರೆ ಆ 44,057 ಜನರಲ್ಲಿ ಮುಚ್ಚಿಟ್ಟವರು ಎಷ್ಟು, ಹೇಗೆ ತುಂಬಬೇಕು ಅಂತ ತಿಳಿಯದೆ ಸುಮ್ಮನಾದವರು ಎಷ್ಟು? ನನ್ನ ಮೇಜಿನ ಈ ಕಡೆಯಿಂದ ನೋಡಿದರೆ ಎರಡನೇ ಗುಂಪು ಸಣ್ಣದಲ್ಲ. ತೋರಿಸಿದವನಿಗೆ ತಪ್ಪು ಲೆಕ್ಕದ ಭಯ. ಏನೂ ತೋರಿಸದೆ ವಿದೇಶಿ ಆಪ್‌ಗೆ ಜಿಗಿದವನು ಸದ್ಯಕ್ಕೆ ಆರಾಮಾಗಿದ್ದಾನೆ. ಯಾರನ್ನು ನೋಡಿ ಯಾರು ಕಲಿಯುತ್ತಾರೆ, ನೀವೇ ಹೇಳಿ.

1961ರ ಕಾಯ್ದೆ ಗೋಜಲಾಗಿದೆ, ಸರಳ ಮಾಡಬೇಕು ಅಂತ 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ತಂದಿರಿ. ಅದರಲ್ಲಿ ಕ್ರಿಪ್ಟೋ ಸೆಕ್ಷನ್‌ಗಳಿಗೆ ಹೊಸ ನಂಬರ್ ಬಂತು. ಶೇ. 30 ಹಾಗೇ ಇದೆ, ನಷ್ಟ ಕಳೆಯಬಾರದು ಅನ್ನುವುದೂ ಹಾಗೇ ಇದೆ. ನಾನು ಮೇಲೆ ಕೇಳಿದ ಪ್ರಶ್ನೆಗಳೂ ಹಾಗೇ ಇವೆ.

ಕಾಯ್ದೆ ತಿದ್ದಬೇಕಾಗಿಲ್ಲ ಮೇಡಂ. ಕೇಂದ್ರ ನೇರ ತೆರಿಗೆ ಮಂಡಳಿ 2022ರ ಜೂನ್‌ನಲ್ಲಿ ಮಾಡಿದಂತೆ ಇನ್ನೊಂದು ಸುತ್ತೋಲೆ ಹೊರಡಿಸಿದರೆ ಸಾಕು. ಕೊಂಡ ಬೆಲೆ ಯಾವ ಲೆಕ್ಕದಲ್ಲಿ, ಅದರಲ್ಲಿ ಫೀಸು ಸೇರುತ್ತದೋ ಇಲ್ಲವೋ, ಸ್ಟೇಕಿಂಗ್ ಕಾಯಿನ್ ಯಾವ ದಿನದ ಆದಾಯ, ಕಳುವಾದದ್ದನ್ನೂ ರಿಕವರಿ ಟೋಕನ್ನನ್ನೂ ಎಲ್ಲಿ ಬರೆಯಬೇಕು, ಸ್ವಂತ ವಾಲೆಟ್ ವಿದೇಶಿ ಆಸ್ತಿಯೋ ಅಲ್ಲವೋ, ಫ್ಯೂಚರ್ಸ್ ವಿಡಿಎಯೋ ಅಲ್ಲವೋ. ಇಷ್ಟಕ್ಕೆ ಉತ್ತರ ಬೇಕು, ಉದಾಹರಣೆ ಸಮೇತ. ಉತ್ತರ ನಮಗೆ ವಿರುದ್ಧವಾಗಿದ್ದರೂ ಇರಲಿ. ಹಳೆಯ ವರ್ಷಗಳಲ್ಲಿ ಒಳ್ಳೆಯ ಮನಸ್ಸಿನಿಂದ ಬೇರೆ ಲೆಕ್ಕ ಹಿಡಿದವರಿಗೆ ದಂಡ ಹಾಕುವುದಿಲ್ಲ ಅಂತ ಒಂದು ಸಾಲು ಸೇರಿಸಿ. ಕನ್ನಡದಲ್ಲೂ ಒಂದು ಪ್ರತಿ ಹಾಕಿ. 134 ಕೋಟಿ ಹೋದ ರಾಜ್ಯಕ್ಕೆ ಇಷ್ಟಾದರೂ ಕೇಳಬಹುದು, ಅಲ್ವಾ?

ಐಟಿಆರ್-2 ತುಂಬಲು ಜುಲೈ 31 ಕೊನೆಯ ದಿನ. ಜುಲೈ 30ರ ರಾತ್ರಿ ಬಂದರೆ ಉಪಯೋಗವಿಲ್ಲ. ಜೂನ್ ಮೊದಲ ವಾರದೊಳಗೆ ಕೊಟ್ಟರೆ ಈ ಸಲದ ರಿಟರ್ನ್‌ಗಳನ್ನು ಅದರ ಪ್ರಕಾರವೇ ತುಂಬುತ್ತೇನೆ, ಹಿಂದಿನ ವರ್ಷಗಳದ್ದನ್ನು ತಿದ್ದಿ ಬಾಕಿ ಇದ್ದರೆ ಕಟ್ಟಿಸುತ್ತೇನೆ.

ಇತಿ,
ದಾವಣಗೆರೆಯ ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್